ಮೋಡ ಕವಿದಾಗ ಕಾರ್ಖಾನೆ ಮುಚ್ಚಿರುತ್ತದೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಕಳೆದ ಶತಮಾನ ಕಟ್ಟಿದ ಅತಿ ದೊಡ್ಡ ಕಟ್ಟಡಗಳು ಯಾವುವು ಎಂದು ಕೇಳಿದರೆ ಸಕ್ಕರೆ ಕಾರ್ಖಾನೆಗಳನ್ನೇ ತೋರಿಸಬೇಕು. ಉಗಾರ ಖುರ್ದದ ಉಗಾರ ಶುಗರ್ ವರ್ಕ್ಸ್ ಕಂಪನಿ ಹುಟ್ಟಿದ್ದು 1939ರಲ್ಲಿ. ಮುಂದೆ ಸಹಕಾರಿ ಯುಗ ಬಂತು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ, ರಾಯಬಾಗದ ಸಹಕಾರಿ ಕಾರ್ಖಾನೆ ಒಂದೊಂದಾಗಿ ಎದ್ದವು. ಆದರೂ ಈ ಸೀಮೆಯ ಚೆಂದದ ಕಟ್ಟಡಗಳ ಹೆಸರು ಹೇಳಿ ಎಂದರೆ ಜನ ಯಡೂರಿನ ವೀರಭದ್ರನ ಗುಡಿಯನ್ನೋ ಅಥಣಿಯ ಗಚ್ಚಿನ ಮಠವನ್ನೋ ನೆನೆಯುತ್ತಾರೆ. ಕಾರ್ಖಾನೆ ಎಂದರೆ ಬಿಲ್ಲು, ಬಾಕಿ, ಚುನಾವಣೆ. ಅದು ಕಣ್ಣಿನ ವಿಷಯವಲ್ಲ.

ಅದನ್ನು ಕಣ್ಣಿನ ವಿಷಯವಾಗಿಸುತ್ತೇನೆಂದು ಹೊರಟ ಒಂದು ಛಾಯಾಗ್ರಹಣ ಪರಂಪರೆ ಇದೆ. ಅದಕ್ಕೆ ನೂರು ವರ್ಷವಾಗುತ್ತ ಬಂದಿದೆ. ಚಾರ್ಲ್ಸ್ ಶೀಲರ್ 1927ರಲ್ಲಿ ಫೋರ್ಡ್ ಕಂಪನಿಯ ರಿವರ್ ರೂಜ್ ಕಾರ್ಖಾನೆಯ ಕನ್ವೇಯರ್‌ಗಳನ್ನು ಅಡ್ಡಡ್ಡ ಗೆರೆಗಳ ಚಿತ್ರವಾಗಿಸಿದ. ಮರುವರ್ಷ ಜರ್ಮೇನ್ ಕ್ರುಲ್ ಸೇತುವೆ, ಕ್ರೇನುಗಳ ಕಬ್ಬಿಣವನ್ನೇ ಚಿತ್ರಸಂಪುಟವಾಗಿ ಹೊರತಂದಳು. ಅದೇ 1928ರಲ್ಲಿ ಆಲ್ಬರ್ಟ್ ರೆಂಗರ್-ಪಾಟ್ಸ್ಶ್ ಎಲೆಯನ್ನೂ ಯಂತ್ರವನ್ನೂ ಒಂದೇ ನಿಖರತೆಯಲ್ಲಿ ತೆಗೆದು, ಲೋಕವೆಲ್ಲ ಸುಂದರ ಎಂದು ಸಾರುವ ಪುಸ್ತಕ ಮಾಡಿದ. ನಮ್ಮಲ್ಲಿ ಮಿತ್ತರ್ ಬೇಡಿ (1926–1985) ಮುಂಬೈಯಲ್ಲಿ ಕೂತು ಸ್ವತಂತ್ರ ಭಾರತದ ರಿಫೈನರಿ, ಟ್ಯಾಂಕು, ಪೈಪುಗಳನ್ನು ಕಂಪನಿಗಳ ವಾರ್ಷಿಕ ವರದಿಗಳಿಗಾಗಿ ತೆಗೆದರು. ಲೂಸಿಯನ್ ಹರ್ವೆ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆಯ ಚಂಡೀಗಡವನ್ನು ಬಿಸಿಲು ನೆರಳುಗಳ ಕತ್ತರಿಯಲ್ಲಿ ತುಂಡರಿಸಿ ತೋರಿಸಿದ. ಎಲ್ಲರೂ ಕಟ್ಟಡದ ಒಂದು ಭಾಗವನ್ನು ಅದರ ಸಂದರ್ಭದಿಂದ ಬಿಡಿಸಿ, ಗೆರೆ, ವೃತ್ತ, ಬೂದುಬಣ್ಣಗಳ ಜೋಡಣೆಯಾಗಿ ನಮ್ಮ ಮುಂದಿಟ್ಟವರೇ.

ಈ ಪರಂಪರೆಯನ್ನು ಬಂಡವಾಳಿಗರ ಸೌಂದರ್ಯಶಾಸ್ತ್ರ ಎಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ಸುಲಭ. ಆದರೆ ಅದು ಮಾಡಿದ ಉಪಕಾರ ದೊಡ್ಡದು. ಯಾವ ವಾಸ್ತುಶಿಲ್ಪಿಯ ಹೆಸರೂ ಇಲ್ಲದ, ಎಂಜಿನಿಯರು ಗೀಚಿ ವೆಲ್ಡರು ಕಟ್ಟಿದ ವಸ್ತುವಿಗೂ ರೂಪ ಉಂಟು, ಅದನ್ನೂ ಗುಡಿಯ ಕಂಬದಷ್ಟೇ ಹೊತ್ತು ನಿಂತು ನೋಡಬೇಕು ಎಂದು ಕಲಿಸಿದ್ದು ಇದೇ. ಈ ಪಾಠವನ್ನು ತೀರ ದೂರ ಒಯ್ದವರು ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ. 1959ರಿಂದ ಅವರು ನೀರಿನ ಟಾಕಿ, ಗ್ಯಾಸ್ ಟ್ಯಾಂಕು, ಊದುಕುಲುಮೆಗಳನ್ನು ಜಾತಿವಾರು ತೆಗೆದು, ಒಂಬತ್ತೋ ಹದಿನೈದೋ ಚಿತ್ರಗಳನ್ನು ಸಾಲುಗಟ್ಟಿ ತೂಗುಹಾಕಿದರು. 1990ರ ವೆನಿಸ್ ಬಿಯೆನ್ನಾಲೆಯಲ್ಲಿ ಅವರಿಗೆ ಬಹುಮಾನ ಬಂದದ್ದು ಶಿಲ್ಪದ ವಿಭಾಗದಲ್ಲಿ.

ಬೆಕರ್‌ಗಳ ನಿಯಮ ಕಟ್ಟುನಿಟ್ಟು. ಕ್ಯಾಮೆರಾ ನೇರ ಎದುರಿಗೆ, ಸ್ವಲ್ಪ ಎತ್ತರದಲ್ಲಿ, ಆಕಾಶ ಮೋಡ ಕವಿದಿರಬೇಕು, ನೆರಳು ಬೀಳಕೂಡದು, ಜನ ಇರಬಾರದು. ಈ ನಿಯಮವನ್ನು ಕೃಷ್ಣಾ ತೀರಕ್ಕೆ ತಂದರೆ ಒಂದು ವಿಚಿತ್ರ ತೊಡಕು ಎದುರಾಗುತ್ತದೆ. ಇಲ್ಲಿ ದಿನಗಟ್ಟಲೆ ಬೂದು ಮೋಡ ನಿಲ್ಲುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ಕಾರ್ಖಾನೆ ಮುಚ್ಚಿರುತ್ತದೆ. ಮಿಲ್ಲಿನ ರೋಲರ್‌ಗಳನ್ನು ಬಿಚ್ಚಿ ರಿಪೇರಿಗೆ ಹಾಕಿರುತ್ತಾರೆ. ಮಳೆ ಹಿಂದೆ ಸರಿದು ಆಕಾಶ ತಿಳಿಯಾಗುವ ಹೊತ್ತಿಗೆ ಬಾಯ್ಲರ್ ಪ್ರದೀಪನದ ಪೂಜೆ. ಮುಂದೆ ಚಳಿಗಾಲವಿಡೀ ಹಂಗಾಮು: ಉರಿಬಿಸಿಲು, ಉದ್ದ ನೆರಳು, ಹಬೆ, ಹೊಗೆ, ತೂಕದ ಕಾಟಾದ ಮುಂದೆ ಟ್ರ್ಯಾಕ್ಟರುಗಳ ಸಾಲು. ಅಂದರೆ ಶುದ್ಧ ರೂಪದ ಚಿತ್ರಕ್ಕೆ ಬೇಕಾದ ಬೆಳಕು ದೊರೆಯುವುದು ಕಾರ್ಖಾನೆ ಕಾರ್ಖಾನೆಯಾಗಿ ಇರದಿದ್ದಾಗ ಮಾತ್ರ.

ಇದು ಬರೀ ಹವಾಮಾನದ ಕಿರಿಕಿರಿ ಅಲ್ಲ. ಅಮೂರ್ತತೆಯ ಪರಂಪರೆ ಚೌಕಟ್ಟಿನಿಂದ ಮನುಷ್ಯರನ್ನು ಹೊರಗಿಡುತ್ತದೆ ಎಂಬ ದೂರು ಹಳೆಯದು. ಕ್ರುಪ್ಪ್ ಕಾರ್ಖಾನೆಯ ಫೋಟೋ ನೋಡಿ ಆ ಸಂಸ್ಥೆಯ ಬಗ್ಗೆ ಏನೂ ತಿಳಿಯುವುದಿಲ್ಲ ಎಂಬ ನಾಟಕಕಾರ ಬ್ರೆಕ್ಟ್‌ನ ತಕರಾರನ್ನು ವಿಮರ್ಶಕ ವಾಲ್ಟರ್ ಬೆಂಜಮಿನ್ 1931ರಲ್ಲೇ ಎತ್ತಿಕೊಂಡು, ರೆಂಗರ್-ಪಾಟ್ಸ್ಶ್‌ನ ಮೇಲೆ ಹರಿಹಾಯ್ದಿದ್ದ. ನನ್ನ ತಕರಾರು ತುಸು ಬೇರೆ. ಈ ಪರಂಪರೆ ಮನುಷ್ಯರಿಗಿಂತ ಮೊದಲು ಹೊರಹಾಕುವುದು ಕಾಲವನ್ನು. ಸಕ್ಕರೆ ಕಾರ್ಖಾನೆಯಾದರೋ ಕಾಲದ ಒತ್ತಡವೇ ಕಟ್ಟಿದ ಕಟ್ಟಡ.

ಕಡಿದ ಕಬ್ಬು ಕಾಯುವುದಿಲ್ಲ. ಗಂಟೆ ಕಳೆದಂತೆ ಅದರ ತೂಕ ಇಳಿಯುತ್ತದೆ, ಒಳಗಿನ ಸುಕ್ರೋಸ್ ಒಡೆಯುತ್ತ ಹೋಗುತ್ತದೆ. ಅದಕ್ಕೇ ಕಬ್ಬಿನ ಅಂಗಳ, ಕ್ಯಾರಿಯರ್, ಮಿಲ್ಲುಗಳು ಒಂದರ ಹಿಂದೊಂದು ನೇರ ಸಾಲಿನಲ್ಲಿ ಇರುತ್ತವೆ. ಹಿಂಡಿದ ಸಿಪ್ಪೆಯೇ ಬಾಯ್ಲರಿನ ಉರುವಲು, ಆದ್ದರಿಂದ ಮಿಲ್ಲಿನ ಕೊನೆಯಿಂದ ಹೊರಟ ಬೆಲ್ಟು ಬಾಯ್ಲರಿಗೇ ಏರುತ್ತದೆ, ಚಿಮಣಿ ಅದರ ಪಕ್ಕದಲ್ಲೇ ನಿಲ್ಲುತ್ತದೆ. ಹೊರಗಿನಿಂದ ನೋಡುವವರಿಗೆ ಬಾಯ್ಲಿಂಗ್ ಹೌಸ್ ಯಾಕಿಷ್ಟು ಎತ್ತರ ಎನಿಸಬಹುದು. ರಸವನ್ನು ಕುದಿಸಿ ಹರಳುಗಟ್ಟಿಸುವ ಪ್ಯಾನುಗಳು ಮೇಲಿನ ಅಂತಸ್ತಿನಲ್ಲಿವೆ. ಅಲ್ಲಿ ಹದಕ್ಕೆ ಬಂದ ಗಟ್ಟಿ ಪಾಕ ತನ್ನ ಭಾರಕ್ಕೆ ತಾನೇ ಕೆಳಗಿಳಿದು ಕ್ರಿಸ್ಟಲೈಸರಿಗೂ, ಅದರ ಕೆಳಗೆ ಹರಳು–ಕಾಕಂಬಿ ಬೇರ್ಪಡಿಸುವ ಸೆಂಟ್ರಿಫ್ಯೂಗಲ್‌ಗೂ ಬೀಳುತ್ತದೆ. ಆ ಎತ್ತರ ಆಡಂಬರಕ್ಕಾಗಿ ಕಟ್ಟಿದ್ದಲ್ಲ. ಪಾಕದ ನಡೆಗೆ ತಕ್ಕಂತೆ ಎದ್ದದ್ದು.

ಹೀಗಿರುವಾಗ ಸಿಲಿಂಡರಿನ ಅಂಚನ್ನೂ ಮೆಟ್ಟಿಲಿನ ನೆರಳನ್ನೂ ಕತ್ತರಿಸಿ ತೆಗೆದ ಚಿತ್ರ ಆ ರೂಪಕ್ಕೆ ಕಾರಣವಾದದ್ದನ್ನೇ ಬಿಟ್ಟುಬಿಡುತ್ತದೆ. ಅಂಥ ಚಿತ್ರ ಉಗಾರದ್ದೂ ಆಗಬಹುದು, ಹ್ಯಾಂಬರ್ಗಿನದ್ದೂ ಆಗಬಹುದು. ಇಂದು ನಮ್ಮ ಛಾಯಾಗ್ರಹಣ ಸಲೋನ್ ಸ್ಪರ್ಧೆಗಳಲ್ಲಿ ಗೆಲ್ಲುವ 'ಆರ್ಕಿಟೆಕ್ಚರ್ ಅಬ್‌ಸ್ಟ್ರ್ಯಾಕ್ಟ್'ಗಳ ಪಾಡು ಬಹುಮಟ್ಟಿಗೆ ಇದೇ. ಮೂಲೆಯಿಂದ ಮೂಲೆಗೆ ಓಡುವ ಗೆರೆ, ನೀಲಿ ಆಕಾಶಕ್ಕೆ ಕೆಂಪು ಪೈಪು, ಏರಿಸಿದ ಕಾಂಟ್ರಾಸ್ಟ್. ಬೆಂಗಳೂರಿನ ಐಐಎಂನಲ್ಲಿ ಬಾಲಕೃಷ್ಣ ದೋಶಿ ಕಲ್ಲು, ಜಾಲಂದ್ರ, ಬಳ್ಳಿಗಳ ನಡುವೆ ನಡೆಯುವವರಿಗಾಗಿ ನೇಯ್ದ ಬೆಳಕನ್ನು ಕೂಡ ಈ ಸೂತ್ರ ಬರೀ ಪಟ್ಟೆಗಳಾಗಿ ಇಳಿಸಿಬಿಟ್ಟಿದೆ. ಶೀಲರ್‌ಗೆ ಅದು ಶೋಧ. ಅನುಕರಿಸುವವರ ಕೈಯಲ್ಲಿ ಅದು ರೂಢಿ.

ಈ ರೂಢಿಗೆ ನಮ್ಮ ಸೀಮೆಯಿಂದಲೇ ಒಂದು ಉತ್ತರವಿದೆ. ಅದು ಬಂದದ್ದು ಸಿನೆಮಾದಿಂದ. ತಂಬಾಕು ಬೆಲೆಗಾಗಿ ಶರದ್ ಜೋಶಿ ಮುಂದಾಳತ್ವದಲ್ಲಿ ರೈತರು ನಿಪ್ಪಾಣಿಯ ಹೆದ್ದಾರಿಯಲ್ಲಿ ಕುಳಿತದ್ದು, ಗೋಲಿಬಾರಿನಲ್ಲಿ ಜೀವಗಳು ಹೋದದ್ದು 1981ರ ಏಪ್ರಿಲ್‌ನಲ್ಲಿ. ಅದೇ ಕಾಲಕ್ಕೆ ಅದೇ ಊರಿನ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳು ಸಂಘ ಕಟ್ಟುತ್ತಿದ್ದರು. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್, ನವರೋಜ್ ಕಾಂಟ್ರ್ಯಾಕ್ಟರ್ ಅವರ 'ಯುಗಾಂತರ್' ತಂಡ ಆ ಹೆಂಗಸರ ಜೊತೆ ತಿಂಗಳುಗಟ್ಟಲೆ ಒಡನಾಡಿ, 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಕಪ್ಪು-ಬಿಳುಪು ಸಾಕ್ಷ್ಯಚಿತ್ರ ಮಾಡಿತು. ಕ್ಯಾಮೆರಾ ಹಿಡಿದ ನವರೋಜ್ ಸ್ವತಃ ಛಾಯಾಗ್ರಾಹಕರು. ಮಣಿ ಕೌಲ್‌ರ 'ದುವಿಧಾ' ಸಿನೆಮಾದ ಒಂದೊಂದು ಚೌಕಟ್ಟನ್ನೂ ಚಿತ್ರಪಟದಂತೆ ಕೂರಿಸಿದವರು. ರೂಪದ ರುಚಿ ಗೊತ್ತಿಲ್ಲದವರೇನಲ್ಲ. ಆದರೂ ತಂಬಾಕಿನ ಕಾರ್ಖಾನೆಯೊಳಗೆ ಅವರ ಕ್ಯಾಮೆರಾ ಹೋದದ್ದು ದುಡಿಯುವವರ ಜೊತೆಯಲ್ಲಿ. ಕೆಲಸದ ಜಾಗ ಹೇಗಿದೆ ಎಂಬುದನ್ನು ಅಲ್ಲಿ ದುಡಿಯುವವರ ಮಾತೇ ಹೇಳುತ್ತದೆ. ಹೊರಗಿನಿಂದ ನಿಪ್ಪಾಣಿಯ ತಂಬಾಕು ವಖಾರವೆಂದರೆ ಗೋಡೆ, ತಗಡು, ಬಾಗಿಲು. ಸಲೋನ್ ಕಣ್ಣಿಗೆ ಒಳ್ಳೆಯ ಮಿನಿಮಲ್ ಚಿತ್ರ. ಒಳಗೆ ಆ ಮುಚ್ಚಿದ ಗೋಡೆಯ ಅರ್ಥ ಗಂಟಲಿಗಿಳಿಯುವ ಧೂಳು.

ಹಾಗೆಂದು ಎಲ್ಲರೂ ಸಾಕ್ಷ್ಯಚಿತ್ರವನ್ನೇ ಮಾಡಲಿ ಎನ್ನುವುದು ನನ್ನ ವಾದವಲ್ಲ. ಕಬ್ಬಿನ ಗ್ಯಾಂಗಿನವರನ್ನೋ ಬಾಯ್ಲರ್ ಕಾರ್ಮಿಕರನ್ನೋ ಚೌಕಟ್ಟಿನ ಮೂಲೆಯಲ್ಲಿ ನಿಲ್ಲಿಸಿಬಿಟ್ಟರೆ ಚಿತ್ರಕ್ಕೆ ನೈತಿಕತೆ ಬಂದುಬಿಡುವುದಿಲ್ಲ; ಅಳತೆ ತೋರಿಸಲು ಮನುಷ್ಯನನ್ನು ನಿಲ್ಲಿಸುವುದೂ ಹಳೆಯ ಸೂತ್ರವೇ. ಅಮೂರ್ತ ಚಿತ್ರಕ್ಕೆ ಕೇಳಬೇಕಾದ ಪ್ರಶ್ನೆ ಒಂದೇ: ಈ ರೂಪ ಹೀಗೇಕಾಯಿತು ಎಂಬ ಸುಳಿವು ಅದರಲ್ಲಿ ಉಳಿದಿದೆಯೇ? ಈ ಪರೀಕ್ಷೆಯಲ್ಲಿ ಬೆಕರ್‌ಗಳು ಅರ್ಧ ಗೆಲ್ಲುತ್ತಾರೆ. ಅವರ ಒಂದು ಚಿತ್ರ ಮೂಕ, ಆದರೆ ಒಂದೇ ಕೆಲಸದ ಹದಿನೈದು ಟಾಕಿಗಳನ್ನು ಸಾಲಾಗಿ ನೋಡಿದಾಗ ಯಾವುದು ಕೆಲಸಕ್ಕಾಗಿ ಹಾಗಾಯಿತು, ಯಾವುದು ಕಟ್ಟಿದವನ ಖುಷಿಗಾಗಿ ಎಂಬುದು ಬಿಚ್ಚಿಕೊಳ್ಳುತ್ತದೆ. ಹರ್ವೆಯ ಚಿತ್ರಗಳಲ್ಲಿ ನೆರಳೇ ಗಡಿಯಾರ. ಹೊತ್ತು ಎಷ್ಟಾಗಿದೆ ಎಂದು ಹೇಳಬಹುದು. ಕಾರ್ಪೊರೇಟ್ ಕ್ಯಾಲೆಂಡರಿನ ಪೈಪುಗಳು ಮಾತ್ರ ಇಲ್ಲಿ ಸೋಲುತ್ತವೆ.

ಬೆಳಗಾವಿ ಜಿಲ್ಲೆಯ ಈ ಉತ್ತರ ತಾಲೂಕುಗಳಲ್ಲಿ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರಿಗೆ ಬೆಕರ್‌ಗಳ ಸಾಲು ಜೋಡಿಸುವ ಕ್ರಮ ತುಂಬ ಒಗ್ಗುತ್ತದೆ, ಒಂದು ತಿದ್ದುಪಡಿಯೊಡನೆ. ಒಂದೇ ಜಾತಿಯ ಹದಿನೈದು ಕಟ್ಟಡಗಳ ಬದಲು ಒಂದೇ ಕಾರ್ಖಾನೆಯ ಹನ್ನೆರಡು ತಿಂಗಳನ್ನು ಸಾಲಿಗೆ ಹಾಕಲಿ. ಅದೇ ಜಾಗ, ಅದೇ ಎತ್ತರ, ಅದೇ ಚೌಕಟ್ಟು. ಆಷಾಢದ ಖಾಲಿ ಅಂಗಳ, ಪುಷ್ಯದ ಹಬೆ, ಚೈತ್ರದ ಸಿಪ್ಪೆಯ ಗುಡ್ಡ ಪಕ್ಕಪಕ್ಕದಲ್ಲಿ ನಿಂತರೆ ಗೆರೆಗಳು ಗೆರೆಗಳಾಗಿಯೇ ಉಳಿಯುತ್ತವೆ, ಅವು ಯಾರ ಬೆಳೆಗಾಗಿ, ಯಾವ ಅವಸರಕ್ಕಾಗಿ ಎದ್ದವು ಎಂಬುದೂ ಕಾಣುತ್ತದೆ. ಸಲೋನ್‌ಗಳು ಒಂಟಿ ಚಿತ್ರಕ್ಕೇ ಅಂಕ ಕೊಡುವ ಅಭ್ಯಾಸ ಬಿಟ್ಟು ಇಂಥ ಸರಣಿಗಳಿಗೆ ಜಾಗ ಮಾಡಬೇಕು. ಅಷ್ಟು ಮಾಡದೆ, ಕಾರ್ಖಾನೆಯನ್ನು ಕಲೆಯಾಗಿ ನೋಡಲು ಕಲಿಸಿದ ಪರಂಪರೆಯ ಋಣ ತೀರುವುದಿಲ್ಲ.