ಸಿದ್ದಿಗಳ ಚರಿತ್ರೆ ಹಡಗಿನಿಂದ ಶುರುವಾಗುವುದಿಲ್ಲ

ಶಿವಮೊಗ್ಗದ ಆಯನೂರು ಸೀಮೆಯಲ್ಲಿ ಕೆಳದಿಯ ದೊರೆ ಶಿವಪ್ಪನಾಯಕನನ್ನು ಅರಿಯದವರಿಲ್ಲ. 1650ರ ದಶಕದಲ್ಲಿ ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳಿಂದ ಆತ ಪೋರ್ಚುಗೀಸರನ್ನು ಓಡಿಸಿದ್ದು ನಮಗೆಲ್ಲ ಹೆಮ್ಮೆ. ಆದರೆ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಮಾತು ಬಂದರೆ ನಮ್ಮ ಬಾಯಲ್ಲಿರುವುದು ಒಂದೇ ಸಾಲು: ‘ಪೋರ್ಚುಗೀಸರು ಆಫ್ರಿಕಾದಿಂದ ತಂದ ಗುಲಾಮರು.’

ಈ ಸಾಲಿನಲ್ಲಿ ನಿಜವಿದೆ. ಮೊಜಾಂಬಿಕ್‌ ಬಂದರಿನಿಂದ ಗೋವಾಕ್ಕೆ ಬಂದವರ ವಂಶದವರು ಸಿದ್ದಿಗಳಲ್ಲಿದ್ದಾರೆ. ನನ್ನ ತಕರಾರು, ಚರಿತ್ರೆಯನ್ನು ಹಡಗಿನಿಂದಲೇ ಶುರುಮಾಡುವುದರ ಬಗ್ಗೆ. ಹಾಗೆ ಹೇಳಿದ ಕೂಡಲೇ ಹಡಗಿನ ಹಿಂದಿದ್ದ ನಾಡು ಬರೀ ಕಾಡಾಗಿಬಿಡುತ್ತದೆ.

ಅದು ಕಾಡಾಗಿರಲಿಲ್ಲ. ಮೊಜಾಂಬಿಕ್ ಕರಾವಳಿಯ ಒಳನಾಡಿನಲ್ಲಿ ಮುಟಾಪ ರಾಜ್ಯವಿತ್ತು. ಅಲ್ಲಿಯ ಚಿನ್ನಕ್ಕೆ ಪೋರ್ಚುಗೀಸರು ಕೊಡುತ್ತಿದ್ದದ್ದು ಬಹುಪಾಲು ಗುಜರಾತಿನ ಬಟ್ಟೆ, ಮಣಿ. ಮೊಜಾಂಬಿಕ್‌ಗೆ ಹೊಸ ಪೋರ್ಚುಗೀಸ್ ಕ್ಯಾಪ್ಟನ್ ಬಂದಾಗಲೆಲ್ಲ ಮುಟಾಪ ದೊರೆಗೆ ‘ಕುರ್ವ’ ಎಂಬ ಕಾಣಿಕೆ ಒಪ್ಪಿಸಬೇಕಿತ್ತು. ತಪ್ಪಿದರೆ ತನ್ನ ಸೀಮೆಯೊಳಗಿನ ಪೋರ್ಚುಗೀಸ್ ವರ್ತಕರ ಸರಕನ್ನು ದೊರೆ ಮುಟ್ಟುಗೋಲು ಹಾಕಿಸುತ್ತಿದ್ದ. ಇದು ಕಾಯಿದೆ, ಕಂದಾಯ ಬಲ್ಲ ಆಡಳಿತ. ಆ ಒಳನಾಡಿನ ಪ್ರಸ್ಥಭೂಮಿಯಲ್ಲೇ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗ್ರೇಟ್ ಜಿಂಬಾಬ್ವೆಯ ಗೋಡೆಗಳು ಅದಕ್ಕಿಂತಲೂ ಹಳೆಯವು. ಅವನ್ನು ಆಫ್ರಿಕನ್ನರು ಕಟ್ಟಿರಲಾರರು ಎಂದು ವಸಾಹತುಗಾರರು ಹಟ ಹಿಡಿದಿದ್ದರು. 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಉತ್ಖನನ ನಡೆಸಿ, ಅದು ಆಫ್ರಿಕನ್ನರದೇ ಕೆಲಸ ಎಂದು ತೋರಿಸಿಕೊಟ್ಟರು. ವಸಾಹತುಗಾರರ ಆ ಹಟದ ಪಳೆಯುಳಿಕೆಯನ್ನು ನಮ್ಮ ಆ ಒಂದು ಸಾಲಿನಲ್ಲೂ ಕಾಣುತ್ತೇನೆ.

ಮುಟಾಪ ಪಟ್ಟದ ಒಳಜಗಳದಲ್ಲಿ ಪೋರ್ಚುಗೀಸರು ಕೈಹಾಕಿ 1629ರಲ್ಲಿ ಮಾವುರ ಎಂಬ ಹಕ್ಕುದಾರನನ್ನು ತಮ್ಮ ಅಡಿಯಾಳಾಗಿಸಿ ಪಟ್ಟದಲ್ಲಿ ಕೂರಿಸಿದರು. ಕಥೆ ಅಲ್ಲಿಗೇ ಮುಗಿಯಲಿಲ್ಲ. 1693ರಲ್ಲಿ ಅದೇ ಪ್ರಸ್ಥಭೂಮಿಯ ರೋಜ್ವಿ ರಾಜ್ಯದ ದೊರೆ ಚಂಗಮಿರೆ ದೊಂಬೊ ದಂಬರಾರೆಯ ಪೋರ್ಚುಗೀಸ್ ಪೇಟೆಯ ಮೇಲೆ ಬಿದ್ದ; ಪ್ರಸ್ಥಭೂಮಿಯಿಂದಲೇ ಅವರು ಕಾಲ್ತೆಗೆಯಬೇಕಾಯಿತು. ಶಿವಪ್ಪನಾಯಕ ಕರಾವಳಿಯಲ್ಲಿ ಗೆದ್ದು ನಲವತ್ತು ವರ್ಷವಾಗಿತ್ತು, ಅಷ್ಟೇ. ಶತ್ರು ಅದೇ.

ಆಫ್ರಿಕಾದ ರಾಜರೂ ಮನುಷ್ಯರನ್ನು ಮಾರಿದ್ದರಲ್ಲ ಎಂದು ಕೇಳುವವರಿದ್ದಾರೆ. ಮಾರಿದವರಿದ್ದರು; ಅದನ್ನು ಮುಚ್ಚಿಡಬೇಕಿಲ್ಲ. ಕೆಳದಿಯೂ ಮುಂದೆ ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡು ಅಕ್ಕಿ ಕೊಟ್ಟಿತು. ಅದಕ್ಕಾಗಿ ಕೆಳದಿಯ ಚರಿತ್ರೆಯನ್ನು ಯಾರೂ ಅಳಿಸಿಲ್ಲ.

ಶಿವಪ್ಪನಾಯಕನ ಪಾಠ ಓದುವ ಸಿದ್ದಿ ಮಗುವಿಗೆ ದೊಂಬೊನ ಹೆಸರೂ ಸಿಗಬೇಕು. ನಮ್ಮ ಶಿವಮೊಗ್ಗದ ಮಕ್ಕಳಿಗಂತೂ ಅದನ್ನು ಮೊದಲು ಹೇಳಿಕೊಡಬೇಕು.