ಐದಡಿ ಬಾಡಿಯ ಮೇಲೆ ಮಲಗುವ ಮನೆ

ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ 2016ರಲ್ಲಿ ಬಂದಾಗಿನಿಂದ ನಮ್ಮಲ್ಲಿ ಒಂದು ಮಾತು ಬೇರೂರಿದೆ: ಪಿಕಪ್ ಮೇಲೆ ಕೋಣೆ ಕಟ್ಟಿಸಿಕೊಂಡು ಊರೂರು ಸುತ್ತಬೇಕೆಂದರೆ ಅದಕ್ಕಿಂತ ಒಳ್ಳೆಯ ಗಾಡಿಯಿಲ್ಲ. 2022ರಲ್ಲಿ ಬಿಡದಿಯಿಂದ ಟೊಯೋಟಾ ಹೈಲಕ್ಸ್ ಹೊರಬಂದ ಮೇಲೆ ಆ ಕೀರ್ತಿಗೆ ಇನ್ನೊಬ್ಬ ಪಾಲುದಾರ ಸಿಕ್ಕ. ಎರಡೂ ಒಳ್ಳೆಯ ಗಾಡಿಗಳು, ಕೆಟ್ಟ ದಾರಿಯಲ್ಲಿ ನಂಬಬಹುದಾದವು. ಆದರೆ ಗಟ್ಟಿ ಗೋಡೆಯ ಕ್ಯಾಂಪರ್ ಹೊರುವುದಕ್ಕೆ ಇವುಗಳಿಗೆ ಸಿಕ್ಕ ಹೆಸರು ಅರ್ಹತೆಗೆ ಮೀರಿದ್ದು.

ಕಾರಣ ತೀರಾ ಸರಳ. ಐದು ಜನ ಕೂರುವ ಕ್ಯಾಬಿನ್ ಬಂದಲ್ಲಿ ಹಿಂದಿನ ಬಾಡಿ ಗಿಡ್ಡವಾಗುತ್ತದೆ. ಎರಡರದ್ದೂ ಹೆಚ್ಚುಕಡಿಮೆ ಐದು ಅಡಿ. ಮಲಗುವ ಮನುಷ್ಯನಿಗೆ ಆರಡಿ ಬೇಕು. ಹೈಲಕ್ಸ್‌ಗೆ ಹೇಳಿರುವ ಸರಕಿನ ಮಿತಿ ಅರ್ಧ ಟನ್‌ಗಿಂತ ಕಡಿಮೆ, ವಿ-ಕ್ರಾಸ್‌ನದು ಅದಕ್ಕೂ ಕಡಿಮೆ. ಸೋಲದೇವನಹಳ್ಳಿಯಿಂದ ಪೀಣ್ಯದವರೆಗಿನ ಯಾವ ಫ್ಯಾಬ್ರಿಕೇಷನ್ ಶೆಡ್‌ನಲ್ಲಾದರೂ ಸಿಗುವ ಸಾಮಾನನ್ನೇ ಲೆಕ್ಕ ಹಾಕೋಣ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ 12 ಮಿ.ಮೀ. ಪ್ಲೈವುಡ್ ಹಲಗೆ ಒಂದಕ್ಕೆ ಸುಮಾರು 23 ಕಿಲೋ. ಆರು ಹಲಗೆಗೆ 140 ಕಿಲೋ ಹತ್ತಿರ. ಒಂದು ಇಂಚಿನ ಚೌಕ ಕಬ್ಬಿಣದ ಪೈಪು ಮೀಟರಿಗೆ ಸುಮಾರು 1.2 ಕಿಲೋ, ಅರವತ್ತು ಮೀಟರ್ ಹಿಡಿದರೆ 72. ಹೊರಮೈಗೆ ಇಪ್ಪತ್ತು ಚದರ ಮೀಟರ್ ಎಸಿಪಿ ಶೀಟು, ನೂರಹತ್ತು ಕಿಲೋ. 80 ಲೀಟರ್ ನೀರು ಎಂದರೆ 80 ಕಿಲೋ. ಇನ್ವರ್ಟರಿಗೆ ಹಾಕುವ 150 ಎಎಚ್ ಆಸಿಡ್ ಬ್ಯಾಟರಿಗೆ ಐವತ್ತರ ಆಸುಪಾಸು. ಹಾಸಿಗೆ, ಒಲೆ, ಸಿಲಿಂಡರ್, ಕಿಟಕಿ, ಬಟ್ಟೆಬರೆ ಒಳಗೆ ಬರುವ ಮೊದಲೇ 450 ಕಿಲೋ ದಾಟಿತು. ಗೋಡೆ ಕಟ್ಟಿ ಮುಗಿಯುವಷ್ಟರಲ್ಲಿ ಗಾಡಿಯ ಮಿತಿಯೂ ಮುಗಿದಿದೆ.

ತೂಕಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಅದು ಎಲ್ಲಿ ಕೂರುತ್ತದೆ ಎಂಬುದನ್ನು. ಆರಡಿ ಹಾಸಿಗೆಯನ್ನು ಐದಡಿ ಬಾಡಿಗೆ ಹೊಂದಿಸಲು ಎರಡೇ ದಾರಿ. ಒಂದು, ಕ್ಯಾಬಿನ್ ಮೇಲೆ ಅಟ್ಟ ಮಾಡಿ ಹಾಸಿಗೆಯನ್ನು ಅಲ್ಲಿಗೆ ಏರಿಸುವುದು. ಇನ್ನೊಂದು, ಹಿಂಬಾಗಿಲು ತೆಗೆದು ಕೋಣೆಯನ್ನು ಹಿಂದಕ್ಕೆ ಚಾಚುವುದು. ಕಟ್ಟುವವರಿಗೆ ಸುಲಭವಾದದ್ದು ಎರಡನೆಯದು. ಹಿಂದೆ ಸಿಕ್ಕ ಆ ಜಾಗಕ್ಕೇ ಬಚ್ಚಲು, ನೀರಿನ ಟ್ಯಾಂಕು ಹೋಗುತ್ತವೆ. ಈ ಗಾಡಿಗಳ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವಿನ ಅಂತರ ಸುಮಾರು 3.1 ಮೀಟರ್. ಹಿಂದಿನ ಅಚ್ಚಿನಿಂದ ಒಂದು ಮೀಟರ್ ಆಚೆಗೆ 150 ಕಿಲೋ ಇಟ್ಟರೆ ಹಿಂದಿನ ಅಚ್ಚಿನ ಮೇಲೆ ಬೀಳುವುದು ಸುಮಾರು 198 ಕಿಲೋ. ಹೆಚ್ಚಿನ 48 ಕಿಲೋ ಬಂದದ್ದು ಮುಂದಿನ ಚಕ್ರಗಳಿಂದ. ಅಂದರೆ ಸ್ಟೀರಿಂಗ್ ತಿರುಗಿಸುವ, ಬ್ರೇಕಿನ ಹೆಚ್ಚು ಪಾಲು ಹೊರುವ ಚಕ್ರಗಳೇ ಹಗುರವಾದವು. ಚಾರ್ಮಾಡಿಯ ಮಳೆಯಲ್ಲಿ ಏರು ತಿರುವು ತೆಗೆದುಕೊಳ್ಳುವಾಗ ಆ 48 ಕಿಲೋ ಬೇಕೇ ಬೇಕು. ಅಟ್ಟದ ದಾರಿಯಲ್ಲಿ ಈ ತೊಂದರೆ ಇಲ್ಲ, ಭಾರ ಮುಂದಕ್ಕೆ ಬರುತ್ತದೆ. ಆದರೆ ಎತ್ತರ ಹೆಚ್ಚಿ ಗಾಡಿ ತೂಗಾಡುತ್ತದೆ. ತುಮಕೂರು ರಸ್ತೆಯಲ್ಲಿ ಪಕ್ಕದಿಂದ ಕಂಟೇನರ್ ಲಾರಿ ಹಾದುಹೋದಾಗ ಆ ಎತ್ತರವೆಲ್ಲ ಗಾಳಿಗೆ ಒಡ್ಡಿದ ಗೋಡೆ.

ಇಲ್ಲಿ ನನ್ನ ತಕರಾರು ವಾಹನ ವಿಮರ್ಶಕರ ಜೊತೆ. ಫೋರ್ ವೀಲ್ ಡ್ರೈವ್, ಟಾರ್ಕು, ಟಚ್‌ಸ್ಕ್ರೀನು ಇವುಗಳ ಬಗ್ಗೆ ತಾಸುಗಟ್ಟಲೆ ಮಾತನಾಡುವವರು ಒಟ್ಟು ತೂಕದ ಮಿತಿಯನ್ನು ಒಂದೇ ಉಸಿರಿನಲ್ಲಿ ದಾಟಿಬಿಡುತ್ತಾರೆ. ಕೇಳಿದರೆ ಸಿದ್ಧ ಉತ್ತರವಿದೆ: ಯಶವಂತಪುರ ಎಪಿಎಂಸಿಯಲ್ಲಿ ಪಿಕಪ್‌ಗಳು ಟನ್‌ಗಟ್ಟಲೆ ಈರುಳ್ಳಿ ಹೊರುವುದಿಲ್ಲವೇ, ಇನ್ನೆರಡು ಕಮಾನು ಪಟ್ಟಿ ಹಾಕಿಸಿದರಾಯಿತು. ಈ ವಾದ ಅಪಾಯಕಾರಿ. ಈರುಳ್ಳಿ ಹೊರುವ ಬೊಲೆರೋ ಪಿಕಪ್ಪನ್ನು ಕಂಪನಿಯೇ ಆ ಭಾರಕ್ಕೆಂದು ಕಟ್ಟಿದೆ. ಅದರ ಮೂಟೆ ಬಾಡಿಯ ತಳಕ್ಕೆ ಅಂಟಿ ಕೂರುತ್ತದೆ, ಕೆಲವು ತಾಸಿನಲ್ಲಿ ಇಳಿಯುತ್ತದೆ. ಕೋಣೆ ಇಳಿಯುವುದಿಲ್ಲ. ಪಟ್ಟಿ ಸೇರಿಸಿದರೆ ಹಿಂಭಾಗ ಕುಸಿಯುವುದು ಕಣ್ಣಿಗೆ ಕಾಣದಂತಾಗುತ್ತದೆ, ಅಷ್ಟೇ. ಟೈರು, ಅಚ್ಚು, ಬೇರಿಂಗು, ಬ್ರೇಕು ಮೊದಲಿದ್ದವೇ ಇರುತ್ತವೆ. ಕುಸಿಯುವುದೊಂದೇ ಎಚ್ಚರಿಕೆಯಾಗಿತ್ತು, ಅದನ್ನೂ ದುಡ್ಡು ಕೊಟ್ಟು ಅಳಿಸಿದಂತಾಯಿತು.

ಕಾನೂನೂ ಅದನ್ನೇ ಹೇಳುತ್ತದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000.

ಹಾಗಾದರೆ ಯಾವುದು? ಗಟ್ಟಿ ಗೋಡೆ, ಒಳಗೆ ನಿಂತು ಓಡಾಡುವ ಎತ್ತರ, ಬಚ್ಚಲು ಬೇಕೇ ಬೇಕೆನ್ನುವವರಿಗೆ ಉದ್ದ ಬಾಡಿಯ ಸಿಂಗಲ್ ಕ್ಯಾಬ್. ಬೊಲೆರೋ ಮ್ಯಾಕ್ಸ್ ಪಿಕಪ್‌ನ ದೊಡ್ಡ ಮಾದರಿಗೆ 3050 ಮಿ.ಮೀ. ಬಾಡಿ, 2 ಟನ್ ಮಿತಿ. ಹಾಸಿಗೆ ಅಚ್ಚಿನ ಮುಂದೆಯೇ ಹಿಡಿಯುತ್ತದೆ, ಟ್ಯಾಂಕೂ ಅಲ್ಲೇ. ಅದನ್ನು ಯಾವ ವಿಮರ್ಶಕರೂ ಪ್ರವಾಸದ ಗಾಡಿ ಎಂದು ಎಣಿಸಿಲ್ಲ. ಅದರ ಕೊರತೆಗಳು ನಿಜವೇ: ಸರಕು ವಾಹನದ ನೋಂದಣಿ, ಒರಟು ಸವಾರಿ, ಮಕ್ಕಳಿಗೆ ಸೀಟಿಲ್ಲ. ಹಿಂದಿನ ಕೋಣೆಯಲ್ಲಿ ಜನರನ್ನು ಕೂರಿಸಿಕೊಂಡು ಓಡಿಸುವುದಂತೂ ಕೂಡದು. ಕುಟುಂಬಕ್ಕಾಗಿ ವಿ-ಕ್ರಾಸ್ ಅಥವಾ ಹೈಲಕ್ಸ್ ಆಗಲೇ ಕೊಂಡವರು ಗೋಡೆಯ ಆಸೆ ಬಿಡಬೇಕು. ಅಲ್ಯೂಮಿನಿಯಂ ಚೌಕಟ್ಟು, ನಿಂತಾಗ ಮೇಲೇಳುವ ಕ್ಯಾನ್ವಾಸ್ ಮಾಡು, ಲಿಥಿಯಂ ಬ್ಯಾಟರಿ, ಇಪ್ಪತ್ತು ಲೀಟರಿನ ಎರಡು ಕ್ಯಾನು. ಅಮೆರಿಕದಲ್ಲಿ ಫೋರ್ ವೀಲ್ ಕ್ಯಾಂಪರ್ಸ್ ಕಂಪನಿ 1972ರಿಂದ ಏಳುವ ಮಾಡಿನ ಕ್ಯಾಂಪರ್‌ಗಳನ್ನೇ ಕಟ್ಟುತ್ತ ಬಂದಿದೆ. ಅದರ ತೀರಾ ಹಗುರ ಮಾದರಿ ಸುಮಾರು 210 ಕಿಲೋದಷ್ಟೇ.

ಅಲ್ಲಿನ ಒಂದು ನಿಯಮವನ್ನು ನಮ್ಮ ಶೆಡ್‌ಗಳು ಇಂದೇ ಪಾಲಿಸಬಹುದು. ಪಿಕಪ್‌ಗೆ ಕೂರಿಸುವ ಕ್ಯಾಂಪರ್ ಮಾರುವವರು ಅದರ ತೂಕವನ್ನೂ ಭಾರದ ಕೇಂದ್ರ ಎಲ್ಲಿದೆ ಎಂಬುದನ್ನೂ ಬರೆದು ಕೊಡಬೇಕು. ಕಟ್ಟಿಸುವವರು ಮುಂಗಡ ಕೊಡುವ ಮೊದಲು ಡೀಸೆಲ್ ಟ್ಯಾಂಕ್ ತುಂಬಿಸಿ, ಮನೆಯವರನ್ನೆಲ್ಲ ಕೂರಿಸಿಕೊಂಡು ವೇಬ್ರಿಡ್ಜ್‌ಗೆ ಹೋಗಿ. ಮುಂದಿನ ಅಚ್ಚು, ಹಿಂದಿನ ಅಚ್ಚು ಬೇರೆಬೇರೆಯಾಗಿ ತೂಗಿಸಿ. ಒಟ್ಟು ಮಿತಿಯಲ್ಲಿ ಎಷ್ಟು ಉಳಿಯಿತೋ ಅಷ್ಟರೊಳಗೆ ಕೋಣೆ ಕಟ್ಟಿಕೊಡುತ್ತೇನೆಂದು ಬಿಲ್ಲಿನಲ್ಲಿ ಬರೆದು ಸಹಿ ಹಾಕುವ ಶೆಡ್ಡಿಗೆ ಮಾತ್ರ ಗಾಡಿ ಬಿಡಿ.