ಮುಸುಕಿನ ವೀರನೂ ಚಿನ್ನದ ಗಣಿಯೂ

ಕೋಲಾರದ ಚಿನ್ನದ ಗಣಿಯೂರಿನ ಹೆಸರು ಹೊತ್ತ ‘ಕೆ.ಜಿ.ಎಫ್’ ಚಿತ್ರವನ್ನು ಹೊಗಳುವವರೂ ತೆಗಳುವವರೂ ಅದನ್ನು ಹೊಸ ಬಗೆಯ ಸಿನಿಮಾ ಎಂದೇ ನೋಡಿದ್ದಾರೆ. ಆದರೆ ಅದರ ವಂಶಾವಳಿ ಹಳೆಯದು. ಜಾನ್‌ಸ್ಟನ್ ಮೆಕಲಿ 1919ರಲ್ಲಿ ಕಥೆಯಾಗಿ ಬರೆದ ಮುಸುಕಿನ ವೀರ ಜೋರೋ ಮರುವರ್ಷವೇ ಮೂಕಿಚಿತ್ರಕ್ಕೆ ಬಂದ. 1936ರ ‘ದ ಬೋಲ್ಡ್ ಕ್ಯಾಬಲೆರೋ’ ಅವನಿಗೆ ಮಾತು ಕೊಟ್ಟಿತು. ನಮ್ಮಲ್ಲಿ ಅದಕ್ಕೂ ಮುಂಚೆ, 1935ರಲ್ಲೇ, ಹೋಮಿ ವಾಡಿಯಾ ಅವರ ‘ಹಂಟರ್‌ವಾಲಿ’ಯಲ್ಲಿ ನಟಿ ನಾದಿಯಾ ಮುಸುಕು ಹಾಕಿ ಚಾಟಿ ಬೀಸಿದ್ದರು.

ನಮ್ಮ ಗಣಿಯೂರಿಗೆ ತೀರ ಹತ್ತಿರದ್ದು 1939ರ ‘ಜೋರೋಸ್ ಫೈಟಿಂಗ್ ಲೀಜನ್’. 12 ಕಂತುಗಳ ಆ ಚಿತ್ರದಲ್ಲಿ ಜಗಳವೆಲ್ಲ ಚಿನ್ನದ್ದೇ. ಮೆಕ್ಸಿಕೋದ ಎಳೆಯ ಗಣರಾಜ್ಯಕ್ಕೆ ಗಣಿಯ ಚಿನ್ನ ಬೇಕು. ಬಂಗಾರದ ಕವಚ ತೊಟ್ಟು ತಾನೇ ದೇವರೆಂದು ಮೂಲನಿವಾಸಿಗಳನ್ನು ನಂಬಿಸಿದ ಖಳನಿಗೂ ಅದೇ ಬೇಕು. ಜೋರೋ ಖಳನನ್ನು ಬಯಲಿಗೆಳೆಯುತ್ತಾನೆ. ಗಣಿಯೊಳಗೆ ಇಳಿಯುವವರ ಕೂಲಿಯ ಮಾತು ಮಾತ್ರ ಕಥೆಯ ಕೇಂದ್ರಕ್ಕೆ ಬರುವುದೇ ಇಲ್ಲ.

ಪ್ರಶಾಂತ್ ನೀಲ್ ಅವರ ಚಿತ್ರ (2018) ಈ ಪರಂಪರೆಗೆ ದೊಡ್ಡದೊಂದು ತಿರುವು ಕೊಟ್ಟಿತು. ಜೋರೋ ಶ್ರೀಮಂತರ ಮಗ, ಹಂಟರ್‌ವಾಲಿ ರಾಜಕುಮಾರಿ. ‘ಕೆ.ಜಿ.ಎಫ್’ನ ನಾಯಕ ರಾಕಿ ಕಡುಬಡತನದ ಕೂಸು. ಬಲಿಗೆ ನಿಲ್ಲಿಸಿದವರ ನಡುವೆ ಮುಖ ಮುಚ್ಚಿಕೊಂಡು ನಿಂತವನು ಖಳನಾಯಕ ಗರುಡನನ್ನು ಮುಗಿಸುವ ದೃಶ್ಯ ಹಳೆಯ ಮುಸುಕಿನ ಪಟ್ಟನ್ನು ಹೊಸ ಹುರುಪಿನಿಂದ ಬಳಸಿದೆ. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಸಾಹಸ ನಿರ್ದೇಶನದ ಗೌರವ ಇದಕ್ಕೆ ಸಂದದ್ದು ನ್ಯಾಯವೇ. ಚಿತ್ರದ ಗಣಿಯಾದ ನರಾಚಿಯ ಸೆಟ್ ಎದ್ದದ್ದು ನಿಜವಾದ ಸೈನೈಡ್ ಗುಡ್ಡಗಳ ಮೇಲೆ. ಅದಿರನ್ನು ಪುಡಿಮಾಡಿ, ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಬೂದುಮಣ್ಣು ಅದು. ಗಾಳಿ ಎದ್ದರೆ ಇಂದಿಗೂ ಆ ಧೂಳು ಗಣಿ ಕಾರ್ಮಿಕರ ಲೈನ್ ಮನೆಗಳೊಳಗೆ ಬಂದು ಕೂರುತ್ತದೆ. ಅಷ್ಟು ಹತ್ತಿರಕ್ಕೆ ಹೋದ ಕ್ಯಾಮೆರಾ ಆ ಮನೆಗಳ ಕಡೆ ಮಾತ್ರ ತಿರುಗಲಿಲ್ಲ.

ತಿರುಗಿದ್ದರೆ ಸಿಗುತ್ತಿದ್ದ ಕಥೆಯೇ ಬೇರೆ. 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಏರ್ಪಾಡಿನ ವಿರುದ್ಧ ಇಲ್ಲಿ ಸಾವಿರಾರು ಮಂದಿ ಮುಷ್ಕರ ಹೂಡಿದರು. ಬೆರಳಚ್ಚು ದಾಖಲಾದರೆ, ಒಂದು ಗಣಿಯಿಂದ ಹೊರಬಿದ್ದವನು ಹೆಸರು ಬದಲಿಸಿ ಇನ್ನೊಂದಕ್ಕೆ ಸೇರುವ ದಾರಿಯೂ ಮುಚ್ಚಿದಂತೆ. ಗುರುತು ಮರೆಸಿಕೊಳ್ಳುವ ಹಕ್ಕಿಗಾಗಿ ಒಂದು ಊರೇ ಹೋರಾಡಿತು. ಅದಕ್ಕೆ ಮುಸುಕಿನ ನಾಯಕ ಬೇಕಾಗಲಿಲ್ಲ. ತಮಿಳು, ತೆಲುಗು ಆಡುವ ದಲಿತ ಕೇರಿಗಳ ಈ ಒಗ್ಗಟ್ಟಿಗೆ ನರಾಚಿಯಲ್ಲಿ ಜಾಗವಿಲ್ಲ. ಅಲ್ಲಿ ಇರುವುದು ಬಿಡುಗಡೆಗಾಗಿ ಒಬ್ಬನನ್ನು ಕಾಯುವ ಗುಂಪು. ಜೀತದ ಕ್ರೌರ್ಯವನ್ನು ಹಿಗ್ಗಿಸಿ ತೋರಿಸಿದಷ್ಟೂ ಆ ಗುಂಪಿನ ಬುದ್ಧಿ, ಮಾತು, ಸಂಘಟನೆ ಕುಗ್ಗುತ್ತವೆ. ಸಾಹಸಚಿತ್ರ ಚರಿತ್ರೆಯ ಪಾಠ ಹೇಳಬೇಕಿಲ್ಲ, ನಿಜ. ಆದರೆ ಊರಿನ ಹೆಸರನ್ನೇ ಶೀರ್ಷಿಕೆ ಮಾಡಿಕೊಂಡ ಮೇಲೆ ಊರಿನವರ ಲೆಕ್ಕವನ್ನೂ ಸ್ವಲ್ಪ ಕೊಡಬೇಕಾಗುತ್ತದೆ.

ಚಿನ್ನ ಯಾರದು ಎಂಬ ಪ್ರಶ್ನೆಗೆ ಚರಿತ್ರೆ ಅರ್ಧಂಬರ್ಧ ಉತ್ತರಗಳನ್ನಾದರೂ ಕೊಟ್ಟಿದೆ. 1880ರಲ್ಲಿ ಬಂದ ಬ್ರಿಟಿಷರ ಜಾನ್ ಟೇಲರ್ ಕಂಪನಿಯ ಕೈಯಿಂದ 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ ಬಂದವು. 2001ರ ಫೆಬ್ರವರಿ 28ರಂದು ಮುಚ್ಚಿದವು. ಈಗ ಗಣಿ ಮನೆತನಗಳ ಮಕ್ಕಳು ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿನ ಕೆಲಸಕ್ಕೆ ಹೋಗಿಬರುತ್ತಾರೆ. ಮುಸುಕಿನ ವೀರರ ಪರಂಪರೆ ಇಂಥ ಉತ್ತರದ ಗೋಜಿಗೇ ಹೋಗುವುದಿಲ್ಲ. ದೊರೆಯನ್ನು ಉರುಳಿಸುವುದು ಅದಕ್ಕೆ ಗೊತ್ತು, ಮರುದಿನ ಗಣಿ ನಡೆಸುವುದು ಗೊತ್ತಿಲ್ಲ. ‘ಕೆ.ಜಿ.ಎಫ್’ನ ಎರಡನೆಯ ಭಾಗದಲ್ಲಿ ರಾಕಿ ತಾನೇ ದೊರೆಯಾಗುವುದೂ, ಕೊನೆಗೆ ಚಿನ್ನವೆಲ್ಲ ಅವನೊಂದಿಗೆ ಕಡಲ ಪಾಲಾಗುವುದೂ ಅದಕ್ಕೇ. ಪಾಲು ಹಂಚಲು ಬಾರದ ಕಥೆಗೆ ಉಳಿದ ದಾರಿ ಮುಳುಗಿಸುವುದೊಂದೇ.